ಕ್ಲಚ್ ಇಲ್ಲದ ಗಾಡಿಗೆ ಕ್ಲಚ್ ಬಂದದ್ದು

ಗೇರ್‌ಬಾಕ್ಸ್ ಎಂಬ ಶಬ್ದ ಕಿವಿಗೆ ಬಿದ್ದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಘಾಟಿಯಲ್ಲಿ ಗೇರ್ ಬದಲಿಸಿ ಬದಲಿಸಿ ಗಾಡಿ ಹತ್ತಿಸಿದ್ದನ್ನು ಯಾರಾದರೂ ವರ್ಣಿಸತೊಡಗಿದರೆ ನಾನು ಎದ್ದು ಹೋಗುತ್ತೇನೆ. ನಿಮಗೆ ಎರಡೂ ಕಾಲು ಸರಿ ಇವೆ, ಹತ್ತಿಸಿ. ಅದನ್ನು ನನಗೇಕೆ ಹೇಳುತ್ತೀರಿ?

ಮೂರನೆಯ ವಯಸ್ಸಿನಲ್ಲಿ ಬಂದ ಒಂದು ಜ್ವರ ನನ್ನ ಎಡಗಾಲಿನ ಶಕ್ತಿಯನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಊರಿ ಕುಂಟಿಕೊಂಡು ನಡೆಯುವಷ್ಟಕ್ಕೆ ಕಾಲು ಇತ್ತು. ಒತ್ತು ಎಂದರೆ ಒತ್ತುತ್ತಿರಲಿಲ್ಲ. ಕಾಪುವಿನಲ್ಲಿ ನಮ್ಮದು ಮೀನಿನ ವ್ಯಾಪಾರದ ಮನೆ. ಈ ಕಾಲು ಕಟ್ಟಿಕೊಂಡು ದೋಣಿ ಹತ್ತುವ ಹಾಗಿರಲಿಲ್ಲ. ಹಾಗಾಗಿ ಇಪ್ಪತ್ತೈದು ವರ್ಷ ತುಂಬುವವರೆಗೆ ನಾನು ಮಾಡಿದ್ದು ಎರಡೇ ಕೆಲಸ: ದಡದಲ್ಲಿ ಕುಳಿತು ಹರಿದ ಬಲೆ ಹೊಲಿಯುವುದು, ಅಕ್ಕ ಬಡಿಸಿದ್ದನ್ನು ಉಣ್ಣುವುದು. ಅವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಅದೂ ನನಗೆ ಸಿಟ್ಟೇ ತರಿಸುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ಅಕ್ಕನ ಗಂಡ, ನನ್ನ ಭಾವ, ಒಂದು ಪಿಕಪ್ ತಂದರು. ಯಾವುದೋ ಕಾಮಗಾರಿಗೆಂದು ಬಂದಿದ್ದ ಪರದೇಶದ ಇಂಜಿನಿಯರೊಬ್ಬ ತನ್ನ ಊರಿಗೆ ಮರಳುವಾಗ ಮಾರಿ ಹೋದ ಅಮೆರಿಕದ ಗಾಡಿ. ಎಡಗಡೆ ಸ್ಟೇರಿಂಗ್, ದೋಣಿಯಷ್ಟು ಉದ್ದ. ಕ್ಲಚ್ ಎಂಬುದೇ ಇಲ್ಲ! ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ಒಮ್ಮೆ ಎಳೆದು ಬಿಟ್ಟರೆ ಮುಂದಿನ ಗೇರುಗಳನ್ನು ಗಾಡಿಯೇ ಹಾಕಿಕೊಳ್ಳುತ್ತಿತ್ತು. ಬ್ರೇಕೂ ಆಕ್ಸಿಲರೇಟರೂ ಬಲಗಾಲಿನ ಪಾಲಿಗೆ. ಎಡಗಾಲಿಗೆ ಕೆಲಸವೇ ಇಲ್ಲ. ಅಂಥ ಗಾಡಿಯೊಂದು ಈ ಲೋಕದಲ್ಲಿ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಸಮುದ್ರದ ಬದಿಯ ಮೈದಾನದಲ್ಲಿ ಒಂದು ವಾರ ಸುತ್ತಿದೆ, ಕಲಿತೆ. ಲೈಸೆನ್ಸ್ ಹೇಗೆ ಸಿಕ್ಕಿತು ಎಂದು ಮಾತ್ರ ಕೇಳಬೇಡಿ.

ಮರುತಿಂಗಳಿಂದ ಬಂಗುಡೆ, ಬೂತಾಯಿ ಮೀನು ತುಂಬಿಕೊಂಡು ಕಾಪುವಿನಿಂದ ಉಡುಪಿ, ಅಲ್ಲಿಂದ ಮಣಿಪಾಲ ದಾಟಿ ಹಿರಿಯಡ್ಕ, ಕೊನೆಗೆ ಕಾರ್ಕಳ. ನಾನು ಡ್ರೈವರ್, ಅಕ್ಕ ಪಕ್ಕದಲ್ಲಿ. ಅದುವರೆಗೆ ಅವಳು ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದವಳು. ಹಿರಿಯಡ್ಕದ ಹೋಟೆಲಿನವರು ನನ್ನನ್ನು 'ಡ್ರೈವರ್ರೇ' ಎಂದು ಕರೆದ ದಿನ ನಾನು ಚಹಾ ಕುಡಿಯುವುದನ್ನೇ ಮರೆತೆ. ಮೂರು ವರ್ಷ ಹೀಗೆ ನಡೆಯಿತು. ಅಷ್ಟು ಸಂತೋಷದ ಮೂರು ವರ್ಷ ನನಗೆ ಮತ್ತೆ ಸಿಗಲಿಲ್ಲ.

ಆ ಗಾಡಿಯ ಗೇರ್‌ಬಾಕ್ಸಿಗೆ ತೆಳುವಾದ ಒಂದು ಕೆಂಪು ಎಣ್ಣೆಯೇ ಬೇಕು. ಬೊಂಬಾಯಿಯಿಂದ ತರಿಸುತ್ತಿದ್ದೆ. ಒಮ್ಮೆ ನಾನು ಹೆಬ್ರಿಗೆ ಒಂದು ಮದುವೆಗೆಂದು ಹೋಗಿ ಎರಡು ದಿನ ಬಿಟ್ಟು ಬರುವಷ್ಟರಲ್ಲಿ ಭಾವ ಉಪಕಾರ ಮಾಡಿದ್ದರು. ಗಾಡಿಯ ಅಡಿಯಲ್ಲಿ ಎಣ್ಣೆ ಸೋರಿದ್ದನ್ನು ಕಂಡು, ಪಾಪ, ನನಗೆ ಕಷ್ಟವಾಗಬಾರದೆಂದು, ಲಾರಿಗೆ ಹಾಕುವ ದಪ್ಪ ಗೇರ್ ಆಯಿಲ್ ತಂದು ಭರ್ತಿ ಸುರಿದಿದ್ದರು. ಮರುದಿನ ಹಿರಿಯಡ್ಕದ ಏರಿನಲ್ಲಿ ಇಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಗಾಡಿ ಒಂದು ಮಾರು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ. ಕಾರ್ಕಳದ ಗ್ಯಾರೇಜಿನವರೆಗೆ ಲಾರಿಗೆ ಕಟ್ಟಿ ಎಳೆಸಿಕೊಂಡು ಹೋದೆವು.

"ಯಾರು ಹಾಕಿದ್ದು ಇದನ್ನು?" ಎಂದು ಗ್ಯಾರೇಜಿನ ಮೇಸ್ತ್ರಿ ಬೆರಳಿಗೆ ಅಂಟಿದ ಎಣ್ಣೆ ತೋರಿಸಿ ಕೇಳಿದರು.

"ಗೇರ್‌ಬಾಕ್ಸಿಗೆ ಗೇರ್ ಆಯಿಲ್ ಅಲ್ಲದೆ ಮತ್ತೆಂತ, ತೆಂಗಿನೆಣ್ಣೆ ಹಾಕುವುದಾ?" ಎಂದರು, ಸುದ್ದಿ ತಿಳಿದು ಗ್ಯಾರೇಜಿಗೆ ಓಡಿ ಬಂದಿದ್ದ ಭಾವ. ಅವರನ್ನು ಬೈಯಲು ನನಗೆ ಬಾಯಿಯೇ ಬರಲಿಲ್ಲ.

ಒಳಗಿನ ಬಿಡಿಭಾಗಗಳು ಈ ದೇಶದಲ್ಲಿ ಸಿಗುವುದಿಲ್ಲ ಎಂದು ಮೇಸ್ತ್ರಿ ಕೈ ಚೆಲ್ಲಿದರು. ಬೇಕಾದರೆ ಹಳೆ ಜೀಪಿನ ಗೇರ್‌ಬಾಕ್ಸ್ ಉಂಟು, ಫ್ಲೈವೀಲ್, ಕ್ಲಚ್ ಪ್ಲೇಟ್ ಎಲ್ಲ ಕೂಡಿಸಿ ಮಾಮೂಲಿ ಗಾಡಿ ಮಾಡಿಕೊಡುತ್ತೇನೆ ಎಂದರು. ಭಾವನಿಗೆ ಜೀಪು ಓಡಿಸಿ ಅಭ್ಯಾಸವಿತ್ತು. "ಒಳ್ಳೆಯದೇ ಆಯಿತು. ಇನ್ನು ನಾನೇ ಬಿಡುತ್ತೇನೆ ಮಾರಾಯ. ನೀನು ಆಚೆ ಬದಿಯಲ್ಲಿ ಆರಾಮ ಕುಳಿತುಕೋ," ಎಂದು ನನ್ನ ಬೆನ್ನು ತಟ್ಟಿದರು. ಆರಾಮ! ನಾನು ಹುಟ್ಟಿದಂದಿನಿಂದ ಕುಳಿತದ್ದು ಸಾಲದೇ?

ಕೈಯಲ್ಲಿ ಒತ್ತುವ ಹಾಗೆ ಕ್ಲಚ್ ಮಾಡಿಕೊಡಿ ಎಂದು ಮೇಸ್ತ್ರಿಯನ್ನು ಬೇಡಿಕೊಂಡೆ. "ಒಂದು ಕೈಯಲ್ಲಿ ಕ್ಲಚ್, ಒಂದು ಕೈಯಲ್ಲಿ ಗೇರ್. ಸ್ಟೇರಿಂಗ್ ಎಂತ ಹಲ್ಲಲ್ಲಿ ಕಚ್ಚಿ ಹಿಡಿಯುವುದಾ?" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹಳೆಯ ಗೇರ್ ಪೆಟ್ಟಿಗೆ ಕಳಚಿದ್ದಾಯಿತು, ಇಂಜಿನ್ನಿಗೂ ಜೀಪಿನ ಗೇರ್‌ಬಾಕ್ಸಿಗೂ ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಕೂರಿಸಿದ್ದಾಯಿತು. ಆಗ ಇನ್ನೊಂದು ತೊಡಕು ಬಂತು. ಗೇರ್‌ಬಾಕ್ಸಿನ ಶಾಫ್ಟಿನ ತುದಿ ಇಂಜಿನ್ನಿನ ಹಿಂಬದಿಯ ಗುಳಿಯಲ್ಲಿ ಕುಳಿತು ತಿರುಗಬೇಕು. ಈ ಇಂಜಿನ್ನಿನ ಗುಳಿ ದೊಡ್ಡದು, ಜೀಪಿನ ಶಾಫ್ಟು ಸಣ್ಣದು. ನಡುವಿನ ಸಂದು ತುಂಬಲು ಹಿತ್ತಾಳೆಯದೊಂದು ಬುಶ್, ಬಳೆಯಂಥದ್ದು, ಹೆಬ್ಬೆರಳಿನ ಗಾತ್ರದ್ದು, ಬೇಕಾಯಿತು. ಅದಿಲ್ಲದೆ ಉಳಿದ ಕೆಲಸ ಮುಂದೆ ಹೋಗುವ ಹಾಗಿರಲಿಲ್ಲ. ಮಣಿಪಾಲದ ಲೇತಿನವರ ಹತ್ತಿರ ಮಾಡಿಸಿ ತರಲು ಅಳತೆ ಕೊಟ್ಟು ನನ್ನನ್ನೇ ಕಳುಹಿಸಿದರು. ಕೆಲಸವಿಲ್ಲದವನು ನಾನೊಬ್ಬನೇ ಅಲ್ಲವೇ?

ಲೇತಿನವರು ಒಳ್ಳೆಯ ಮನುಷ್ಯ. ನಾನು ನಿಂತಿದ್ದಂತೆಯೇ ಕಡೆದು, ಒರೆಸಿ, ಕಾಗದದಲ್ಲಿ ಸುತ್ತಿ ಕೊಟ್ಟರು. ಜೇಬಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಕಾರ್ಕಳದ ಬಸ್ಸು ನಿಂತಿತ್ತು. ನಾನು ಉಡುಪಿಯ ಬಸ್ಸು ಹತ್ತಿ ಮನೆಗೆ ಹೋದೆ. ಬುಶ್ಶನ್ನು ನನ್ನ ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಗೆ ತುರುಕಿದೆ. ಕೇಳಿದವರಿಗೆಲ್ಲ "ನಾಳೆ ಕೊಡುತ್ತಾರಂತೆ" ಎಂದೆ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ದಿನವೂ ಬೆಳಿಗ್ಗೆ ಮಣಿಪಾಲಕ್ಕೆಂದು ಹೊರಡುತ್ತಿದ್ದೆ, ಉಡುಪಿಯ ರಥಬೀದಿಯಲ್ಲಿ ಹೊತ್ತು ಕಳೆದು ಬರುತ್ತಿದ್ದೆ. ಮೇಸ್ತ್ರಿ ಆ ನಿರಪರಾಧಿ ಲೇತಿನವರ ಏಳು ತಲೆಮಾರಿಗೆ ಬೈದರೆಂದು ಭಾವ ಬಂದು ಹೇಳಿದರು. ನಾನು ಹೌದು ಹೌದು ಎಂದೆ. ಹೀಗೆ ಮಾಡಿ ನನಗೆ ಏನು ಸಿಗುವುದಿತ್ತು? ಹಳೆಯ ಗೇರ್‌ಬಾಕ್ಸ್ ಜೀವ ಪಡೆದು ಎದ್ದು ಬರುತ್ತಿತ್ತೇ? ಅದೆಲ್ಲ ಗೊತ್ತಿತ್ತು. ಆದರೂ ಆ ಬುಶ್ಶನ್ನು ಕೊಟ್ಟ ದಿನ ನಾನು ಡ್ರೈವರಲ್ಲ, ಮತ್ತೆ ಅಕ್ಕನ ಮನೆಯ ಕುಂಟ. ಕೈ ಏಳಲಿಲ್ಲ.

ಆರನೆಯ ದಿನ ಮೇಸ್ತ್ರಿ ತಾನೇ ಮಣಿಪಾಲಕ್ಕೆ ಹೋಗುತ್ತೇನೆ ಎಂದು ಹೇಳಿ ಕಳುಹಿಸಿದರು. ಅವರನ್ನು ಹೇಗಾದರೂ ತಡೆಯಬೇಕೆಂದು ಬುಶ್ಶನ್ನು ಜೇಬಿಗಿಳಿಸಿ ಕಾರ್ಕಳದ ಬಸ್ಸು ಹತ್ತಿದೆ. ಕೊಡುವುದೋ, ಕಳೆದುಹೋಯಿತು ಎನ್ನುವುದೋ, ಹತ್ತುವಾಗಲೂ ನಿರ್ಧಾರವಾಗಿರಲಿಲ್ಲ. ಹಿರಿಯಡ್ಕ ದಾಟಿದ ಮೇಲೆ ಕಿಟಕಿಯಿಂದ ನೋಡುತ್ತೇನೆ, ರಸ್ತೆಯ ಬದಿಯಲ್ಲಿ ಅಕ್ಕ! ತಲೆಯ ಮೇಲೆ ಮತ್ತೆ ಬುಟ್ಟಿ, ಮೀನಿನ ನೀರು ಕುತ್ತಿಗೆಯಿಂದ ಇಳಿದು ರವಿಕೆಯ ಬೆನ್ನೆಲ್ಲ ಒದ್ದೆ. ನಮಗಿಂತ ಮೊದಲು ಹೋದ ಬಸ್ಸಿನಲ್ಲಿ ಯಾರದೋ ಬಿಳಿ ಪಂಚೆಯ ಮೇಲೆ ನೀರು ಬಿತ್ತೆಂದು ಅವಳನ್ನು ಇಳಿಸಿದ್ದರಂತೆ. ಬಿಸಿಲಿನಲ್ಲಿ ಕಾರ್ಕಳದ ದಿಕ್ಕಿಗೆ ನಡೆಯುತ್ತಿದ್ದಳು. ನಾನು ಬಸ್ಸು ನಿಲ್ಲಿಸಿ ಎನ್ನಬೇಕಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಕುಳಿತೆ. ಥೂ, ನನ್ನ ಜನ್ಮಕ್ಕಿಷ್ಟು!

ಗ್ಯಾರೇಜಿಗೆ ಹೋದವನೇ ಬುಶ್ಶನ್ನು ಮೇಸ್ತ್ರಿಯ ಕೈಗೆ ಹಾಕಿದೆ. "ಅಂತೂ ಆ ಪುಣ್ಯಾತ್ಮನಿಗೆ ಪುರುಸೊತ್ತಾಯಿತಾ," ಎಂದರು. ಮತ್ತೆ ಎರಡೇ ದಿನ. ಗೇರ್‌ಬಾಕ್ಸ್ ಕುಳಿತಿತು, ನನ್ನ ಎಡಗಾಲು ಮಲಗುತ್ತಿದ್ದ ಜಾಗದಲ್ಲಿ ಕಬ್ಬಿಣದ ಪೆಡಲ್ ಬಂತು.

ಗಾಡಿ ತರಲು ನಾವು ಮೂವರೂ ಹೋದೆವು. ಭಾವ ಗ್ಯಾರೇಜಿನ ಎದುರು ಒಂದು ಸುತ್ತು ಹೊಡೆಯುತ್ತಿದ್ದರು. ಮೊದಲನೇ ಗೇರಿಗೆ ಗಾಡಿ ಜಿಗಿದಾಗ ಅವರು ಮಕ್ಕಳ ಹಾಗೆ ನಕ್ಕರು. ಅಕ್ಕ ನನ್ನ ಪಕ್ಕ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆ ಬುಶ್ ಮೊದಲ ದಿನವೇ ಆಗಿತ್ತು. ನಾನೇ ಇಟ್ಟುಕೊಂಡಿದ್ದೆ," ಎಂದೆ.

"ಗೊತ್ತುಂಟು," ಎಂದಳು. "ನಿನ್ನ ಪೆಟ್ಟಿಗೆಯಲ್ಲಿ ಬಟ್ಟೆ ಮಡಚಿ ಇಡುವಾಗ ಅವತ್ತೇ ಕಂಡಿತ್ತು."

"ಮತ್ತೆ ಭಾವನಿಗೆ ಹೇಳಲಿಲ್ಲ ಯಾಕೆ? ದಿನವೂ ಬುಟ್ಟಿ ಹೊತ್ತುಕೊಂಡು ಹೋದೆಯಲ್ಲ!"

ಅವಳು ಗಾಡಿಯನ್ನೇ ನೋಡುತ್ತಿದ್ದಳು. "ನನಗೆ ಹೊತ್ತು ಅಭ್ಯಾಸ ಉಂಟು. ಬಿಟ್ಟುಕೊಡ್ಲಿಕ್ಕೆ ನಿನಗೆ ಒಂದಷ್ಟು ದಿನ ಬೇಕಿತ್ತು, ಅಲ್ವಾ?"

ಭಾವ ಗಾಡಿ ತಂದು ನಿಲ್ಲಿಸಿ ಹಾರ್ನ್ ಹೊಡೆದರು. ನಾನು ಆಚೆಯ ಬಾಗಿಲು ತೆರೆದು ಹತ್ತಿ ಕುಳಿತೆ.