ಒಬ್ಬರು ಬಾಕಿ

ಮುದ್ದೇಬಿಹಾಳದ ಡಾಕ್ಟರು ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಚಷ್ಮಾ ಹಣೆಗೇರಿಸಿ ನನ್ನ ತಂಗಿಯನ್ನು ಕೇಳಿದರು:

"ಅಕ್ಕೋರ, ಒಂದ ದಿನಾ ನೀವು ಎರಡ ಊರಾಗ ಹ್ಯಾಂಗಿದ್ರಿ?"

ಒಂದು ಕಾಗದ ಬಸವನ ಬಾಗೇವಾಡಿಯಲ್ಲಿ ಕೊಟ್ಟ ಗಂಟಲು ದ್ರವದ ವರದಿ. ಕೊರೊನಾ ಮೂರನೇ ಅಲೆಯ ಜನವರಿ, ಸಂಕ್ರಾಂತಿ ಮುಗಿದ ವಾರ. ತಂಗಿಗೆ ಪಾಸಿಟಿವ್ ಎಂದು ಅದರಲ್ಲಿತ್ತು. ಇನ್ನೊಂದು ಲಸಿಕೆಯ ಪ್ರಮಾಣಪತ್ರ. ಅದೇ ದಿನ ತಂಗಿ ನಮ್ಮ ಹುಟ್ಟೂರಿನಲ್ಲಿ ಎರಡನೇ ಡೋಸ್ ಹಾಕಿಸಿಕೊಂಡಿದ್ದಾಳೆ ಎಂದು ಅದು ಹೇಳುತ್ತಿತ್ತು. ಎರಡೂ ಸರ್ಕಾರದ ಕಾಗದ. ಎರಡರಲ್ಲೂ ಹೆಸರು ಸರಿ, ವಯಸ್ಸು ಸರಿ, ಆಧಾರ್‌ನ ಕೊನೆಯ ಅಂಕಿಗಳೂ ಸರಿ.

"ನಾ ಸಹಿ ಮಾಡಿದ್ರ ಎರಡೂ ಖರೇ ಅಂತ ನಾ ಹೇಳಿದಂಗ ಆಕ್ಕೈತಿ. ಯಾವದರ ಒಂದನ್ನ ಸುಳ್ಳು ಮಾಡ್ಕೊಂಡ ಬರ್ರಿ, ಸಹಿ ಮಾಡ್ತೇನಿ" ಎಂದು ಡಾಕ್ಟರು ಎರಡನ್ನೂ ಮಡಚಿ ವಾಪಸು ಕೊಟ್ಟರು.

ತಂಗಿ ಸಿಂದಗಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆ ಅವಳನ್ನು ವಿಡಿಯೋ ಸಂದರ್ಶನದಲ್ಲಿ ಆಯ್ಕೆ ಮಾಡಿತ್ತು. ಆ ಸಂದರ್ಶನಕ್ಕೆ ಅವಳು ಇಂಡಿ ಪಟ್ಟಣದ ನನ್ನ ಮನೆಯಲ್ಲೇ ಕೂತಿದ್ದಳು. ಹಿಂದಿನ ಗೋಡೆಯ ಬಣ್ಣ ಹೋಗಿದ್ದರಿಂದ ಹಾಸಿಗೆಯ ಚಾದರ ಕಟ್ಟಿದ್ದೆವು. ಪಾಸ್‌ಪೋರ್ಟ್, ಪೊಲೀಸ್ ಪರಿಶೀಲನೆ, ಅಂಕಪಟ್ಟಿಗಳ ದೃಢೀಕರಣ ಎಲ್ಲ ಮುಗಿದಿತ್ತು. ಉಳಿದದ್ದು ನಾಲ್ಕು ಪುಟದ ಆರೋಗ್ಯ ಫಾರಂ. ಕೊರೊನಾ ಬಂದಿತ್ತೇ, ಯಾವಾಗ, ಲಸಿಕೆ ಯಾವ ಯಾವ ದಿನ ಎಂಬುದನ್ನು ವೈದ್ಯರೇ ಬರೆದು ಮೊಹರು ಒತ್ತಬೇಕು. ಕೊರೊನಾ ಬಂದಿದ್ದನ್ನು ಆಕೆ ಅರ್ಜಿಯಲ್ಲಿ ಮೊದಲೇ ಬರೆದಿದ್ದಳು, ಲಸಿಕೆಯ ಪ್ರಮಾಣಪತ್ರವನ್ನೂ ಲಗತ್ತಿಸಿ ಕಳಿಸಿದ್ದಳು, ಆದ್ದರಿಂದ ಈಗ ಯಾವುದನ್ನೂ ಮುಚ್ಚಿಡುವಂತಿರಲಿಲ್ಲ. ಫಾರಂ ಏಪ್ರಿಲ್ ಮುಗಿಯುವುದರೊಳಗೆ ತಲುಪದಿದ್ದರೆ ಕೆಲಸ ಪಟ್ಟಿಯಲ್ಲಿನ ಮುಂದಿನವರಿಗೆ ಹೋಗುತ್ತದೆ ಎಂದು ಶಾಲೆ ಸ್ಪಷ್ಟವಾಗಿ ಬರೆದಿತ್ತು. ಆಗ ಏಪ್ರಿಲ್ ಮೊದಲ ವಾರ.

ಸುಳ್ಳು ಯಾವುದೆಂಬ ಬಗ್ಗೆ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ. ಜನವರಿಯ ಆ ವಾರ ಅವಳು ಬಾಗೇವಾಡಿಯ ಸೋದರಮಾವನ ಮನೆಯಲ್ಲಿದ್ದಳು. ಹಬ್ಬಕ್ಕೆ ಹೋದವಳು ಜ್ವರ ಬಂದು ಮಾಳಿಗೆಯ ಕೋಣೆಯಲ್ಲಿ ಏಳು ದಿನ ಉಳಿದಳು. ಬಾಗಿಲ ಹೊರಗೆ ಗುಳಿಗೆ ಇಟ್ಟು ಬಂದವನು ನಾನು. ಮೊದಲ ಡೋಸ್ ಸಿಂದಗಿಯಲ್ಲಿ ಹಾಕಿಸಿಕೊಂಡದ್ದು ನಿಜ. ಎರಡನೆಯದನ್ನು ಜ್ವರದಿಂದಾಗಿ ಮೂರು ತಿಂಗಳು ಮುಂದೂಡಬೇಕಿತ್ತು. ಅಷ್ಟರಲ್ಲಿ ಲಸಿಕೆಯ ಪೋರ್ಟಲ್‌ನಲ್ಲಿ ಎರಡೂ ಆಗಿದೆ ಎಂದು ಕಂಡಾಗ, ಏನೋ ತಾಂತ್ರಿಕ ದೋಷ, ಹೇಗೂ ಅನುಕೂಲವೇ ಆಯಿತು ಎಂದು ನಾವಿಬ್ಬರೂ ಸುಮ್ಮನಿದ್ದೆವು. ಇದನ್ನೂ ಇಲ್ಲಿ ಬರೆಯಬೇಕು.

ಅಂದೇ ಸಂಜೆ ಹುಟ್ಟೂರಿಗೆ ಹೋದೆವು. ಇಲ್ಲಿ ಹೆಸರು ಬಂದ ನಾಲ್ಕು ತಾಲೂಕುಗಳಲ್ಲಿ ಅದು ಯಾವುದಕ್ಕೆ ಸೇರಿದ್ದೆಂದು ನಾನು ಬರೆಯುವುದಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ವಿಷಯ ಕೇಳಿ ಅವಳಿಗೆ ಏನೂ ಅನಿಸಲಿಲ್ಲ.

"ನಾನ ಕೊಟ್ಟೇನಿ ಆಧಾರ ಝೆರಾಕ್ಸು. ಆಶಾದಾಕಿ ಮೂರ ಸಲ ಬಂದಿತ್ತು. ಬಿಸಲಾಗ ಕುಂತಿತ್ತು ಪಾಪ. ನಿಮ್ಮದೊಂದ ಹೆಸರಿನ ಸಲುವಾಗಿ ಊರ ನಿಂತೈತಿ ಅಂತು. ಬರೀ ಹೆಸರ ಬೇಕಂತ ತಗೊಂಡ ಹೋಗವ್ವಾ ಅಂದೆ."

"ಯವ್ವಾ, ಸೂಜಿ ಹಾಕಿಸ್ಕೊಂಡಂಗ ಬರಕೊಂಡಾರ!" ಎಂದಳು ತಂಗಿ.

"ಬರಕೊಂಡ್ರ ಏನಾತು? ಚುಚ್ಚಿಲ್ಲಲ್ಲ, ನೋವ ಉಳೀತು. ನಿಂದಷ್ಟ ಅಲ್ಲ. ಬಾಜೂಮನಿಯಾಂವ ಕುರಿ ತಗೊಂಡ ಕೊಲ್ಹಾರದ ಹಿನ್ನೀರಿಗೆ ಹೋಗಿದ್ದ. ಆಂವಂದೂ ಮನಿಯಾಗಿನಾಕಿ ಕೊಟ್ಟಾಳ."

ನಮ್ಮ ಮನೆಯ ಎಲ್ಲರ ಲಸಿಕೆಯ ನೋಂದಣಿ ನನ್ನ ಮೊಬೈಲ್ ಸಂಖ್ಯೆಯಲ್ಲೇ ಆಗಿತ್ತು. ಅವ್ವನ ಪಕ್ಕ ಕೂತು ಹಳೆಯ ಸಂದೇಶಗಳನ್ನು ಹುಡುಕಿದೆ. ತಂಗಿಯ ಹೆಸರಿನ ಅಭಿನಂದನೆಯ ಸಂದೇಶ ಅಲ್ಲೇ ಇತ್ತು. ಪತ್ರಿಕೆಯೊಂದರ ವರದಿಗಾರನ ಫೋನದು, ದಿನಕ್ಕೆ ನೂರಾರು ಪ್ರಕಟಣೆಗಳು ಬೀಳುತ್ತವೆ. ನಾನು ಓದಿರಲಿಲ್ಲ.

ಇನ್ನೊಂದು ಸಂಗತಿ ನೆನಪಾದದ್ದು ರಾತ್ರಿ ಇಂಡಿಗೆ ಮರಳುವ ಬಸ್ಸಿನಲ್ಲಿ. ಅದೇ ಜನವರಿ ಕೊನೆಗೆ ನಮ್ಮ ಊರಿನ ಬಗ್ಗೆ ನಾನೊಂದು ಸುದ್ದಿ ಮಾಡಿದ್ದೆ. ಎರಡನೇ ಡೋಸ್ ಶೇಕಡ ನೂರು ಪೂರ್ಣ, ಗ್ರಾಮಸ್ಥರ ಸಹಕಾರ, ಆಶಾ ಕಾರ್ಯಕರ್ತೆಯರ ಶ್ರಮ. ಜೊತೆಗೆ ಫೋಟೋ. ತಾಲೂಕು ಆರೋಗ್ಯ ಕಚೇರಿಯಿಂದ ಬಂದ ಟಿಪ್ಪಣಿಯನ್ನು ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಬರೆದದ್ದು. ಊರಿನಲ್ಲಿ ಒಬ್ಬರನ್ನಾದರೂ ಕೇಳಿದ್ದರೆ ಗೊತ್ತಾಗುತ್ತಿತ್ತು, ಅವ್ವನನ್ನೇ ಕೇಳಬಹುದಿತ್ತು.

ಮರುದಿನ ತಂಗಿಯೊಂದಿಗೆ ಆರೋಗ್ಯ ಕಚೇರಿಗೆ ಹೋದೆ. ಗುಮಾಸ್ತರು ನನ್ನನ್ನು ಬಲ್ಲವರು. ಚಹಾ ತರಿಸಿದರು. ಅರ್ಜಿ ಓದಿದ ಮೇಲೆ ಮುಖ ಬದಲಾಯಿತು.

"ಆ ಊರು ಮುಗದೈತ್ರಿ."

"ಮುಗದಿಲ್ಲ. ಇಕಿ ಇಲ್ಲೇ ನಿಂತಾಳ ನೋಡ್ರಿ."

"ಇಕಿ ನಿಂತ್ರ ಏನ್ ಮಾಡೂದ್ರಿ, ದಾಖಲೆ ಬೇಕು." ಕಡತ ಬಿಚ್ಚಿ ಒಂದು ಹಾಳೆ ತಿರುವಿ ನನ್ನ ಕಡೆ ಸರಿಸಿದರು. ನನ್ನದೇ ಸುದ್ದಿಯ ತುಣುಕು. ಅಂಟು ಹಚ್ಚಿ, ಕೆಳಗೆ ಕೆಂಪು ಪೆನ್ನಿನಲ್ಲಿ ಪುಟದ ಸಂಖ್ಯೆ ಬರೆದಿದ್ದರು. "ನೀವ ಬರದೀರಿ, ಶೇಕಡ ನೂರಂತ. ಇನ್ನ ಸಾಹೇಬ್ರ ಮುಂದ ನಾ ಏನಂತ ಹೇಳ್ಲಿ? ಪೇಪರ್‌ನ್ಯಾಗ ಬಂದದ್ದ ಸುಳ್ಳಂತ ಪೇಪರ್‌ನವ್ರ ಹೇಳಾಕತ್ತಾರಂತ?"

ತಂಗಿ ತುಣುಕನ್ನು ಕೊನೆಯವರೆಗೆ ಓದಿದಳು. ಆಮೇಲೆ ನನ್ನ ಕಡೆ ನೋಡಿದಳು.

ಸಾಹೇಬರು, ಅಂದರೆ ತಾಲೂಕು ಆರೋಗ್ಯಾಧಿಕಾರಿ, ಒಳ್ಳೆಯವರೇ. ಕೂಡಿಸಿ ಪೂರ್ತಿ ಕೇಳಿದರು. ತಪ್ಪು ನಮೂದಾಗಿದೆ ಎಂದು ಬರೆದರೆ, ಯಾರ ತಪ್ಪು ಎಂದು ಜಿಲ್ಲೆಯಿಂದ ಕೇಳುತ್ತಾರೆ. ಆಶಾ ಕಾರ್ಯಕರ್ತೆಯ ಹೆಸರು ಬರೆಯಬೇಕಾಗುತ್ತದೆ, ಅವಳಿಂದ ಬರವಣಿಗೆಯಲ್ಲಿ ಹೇಳಿಕೆ ಬೇಕು ಎಂದರು.

ಆಶಾ ಕಾರ್ಯಕರ್ತೆ ನಮ್ಮ ಊರಿನವಳೇ. ಅವಳ ಎಸ್ಸೆಸ್ಸೆಲ್ಸಿ ಗಣಿತ ಪಾಸಾಗಿದ್ದು ನನ್ನ ತಂಗಿ ಹೇಳಿಕೊಟ್ಟದ್ದರಿಂದ. ನಾವು ಹೋದಾಗ ಅವಳು ನೀರಿನ ಕೊಡ ಇಳಿಸುತ್ತಿದ್ದಳು. ನಮ್ಮನ್ನು ಕಂಡೊಡನೆ ಅಳು ಬಂತು.

"ಅಣ್ಣಾರ, ಬರದ ಕೊಟ್ರ ನನ್ನ ತಗದ ಹಾಕ್ತಾರ್ರಿ. ದಿನಾ ಮೀಟಿಂಗಿನ್ಯಾಗ ನಿಲ್ಲಿಸಿ ಕೇಳ್ತಿದ್ರು, ನಿಮ್ಮ ಊರ ಯಾಕ ಉಳದೈತಿ ಅಂತ. ಮಂದಿ ಊರಾಗ ಇಲ್ಲ ಅಂದ್ರ ಹುಡುಕಿ ತಾ ಅಂತಿದ್ರು. ಕೊಲ್ಹಾರಕ ಹೋಗಿ ಕುರಿ ಹಿಂಡಿನ್ಯಾಗ ಹುಡುಕ್ಲೇನ್ರಿ?"

"ಹುಡುಕಬೇಕಾಗಿತ್ತು. ನನಗ ಒಂದು ಫೋನರ ಮಾಡಬೇಕಾಗಿತ್ತು" ಎಂದಳು ತಂಗಿ.

"ಮಾಡಿದ್ನೆಕ್ಕಾ. ನೀ ಜ್ವರದಾಗ ಇದ್ದಿ. ಎತ್ತಲಿಲ್ಲ."

ತಂಗಿ ಅವಳ ಕೊಡ ಎತ್ತಿ ಒಳಗಿಟ್ಟಳು. ಹೊರಗೆ ಬಂದ ಮೇಲೆ, "ಇಕಿ ಹೆಸರ ಬರಸಾಕ ನನಗ ಆಗೂದಿಲ್ಲ. ಬ್ಯಾರೆ ದಾರಿ ನೋಡು" ಎಂದಳು.

ಬೇರೆ ದಾರಿ ತೋರಿಸಿದ್ದು ಸಾಹೇಬರೇ. ಮೂರನೇ ಸಲ ಹೋದಾಗ ಕೇಳಿದರು: "ಪತ್ರಿಕೆಯೊಳಗ ಒಬ್ಬರು ಬಾಕಿ ಉಳದಾರ ಅಂತ ಬಂದ್ರ, ಅದನ್ನ ನೋಡಿ ನಾವ ವಿಚಾರಣಾ ಮಾಡಿದಂಗ ಆಕ್ಕೈತಿ. ನಮೂದು ರದ್ದು ಮಾಡಾಕ ನನಗೂ ಒಂದು ಕಾರಣ ಸಿಗ್ತೈತಿ. ಆಶಾ ಹೆಸರು ಎಲ್ಲಿಯೂ ಬರೂದಿಲ್ಲ. ತಿದ್ದುಪಡಿ ಹಾಕಸ್ತೀರೇನು?"

ಹೇಗಿದ್ದರೂ ಹಾಕಲೇಬೇಕಾದ ತಿದ್ದುಪಡಿ ಅದು. ಪತ್ರಿಕೆಯ ಡೆಸ್ಕಿನ ಹಿರಿಯರಿಗೆ ಫೋನ್ ಮಾಡಿದೆ.

"ಯಾರು ದೂರು ಕೊಟ್ಟಾರ?"

"ಯಾರೂ ಇಲ್ರಿ. ಬಾಕಿ ಇದ್ದಾಕಿ ನನ್ನ ತಂಗಿ. ಆಕಿ ನೌಕರಿ ಫಾರಂ ಇದರಿಂದ ನಿಂತೈತಿ."

ಅವರ ದನಿ ಏರಿತು. "ತಂಗಿ ನೌಕರಿ ಸಲುವಾಗಿ ಪೇಪರ್ ತಿದ್ದತಾರೇನೋ?"

"ತಪ್ಪು ನಂದ್ರಿ, ಲಾಭ ಆಕಿದು. ಎರಡೂ ಹೇಳಾಕತ್ತೇನಿ. ಮುಂದ ನಿಮ್ಮಿಷ್ಟ."

ಬೈದರು. ಬಳಿಕ ಎರಡು ಸಾಲಿಗೆ ಒಪ್ಪಿದರು. ನಾನು ಬರೆದು ಕಳಿಸಿದ ವಾಕ್ಯ ಹೀಗಿತ್ತು: ಗ್ರಾಮದಲ್ಲಿ ಎರಡನೇ ಡೋಸ್ ಲಸಿಕೆ ಶೇಕಡ ನೂರು ಪೂರ್ಣಗೊಂಡಿದೆ ಎಂಬ ವರದಿ ಸರಿಯಲ್ಲ, ಕನಿಷ್ಠ ಇಬ್ಬರು ಬಾಕಿ ಇದ್ದಾರೆ.

ಕಳಿಸುವ ಮೊದಲು ಅದನ್ನು ತಂಗಿಗೆ ಓದಿ ಹೇಳಿದೆ. ಅವಳು ಎದ್ದು ಕೂತಳು.

"ಸಾಹೇಬ್ರು ಒಬ್ಬರು ಅಂದಾರ. ಕನಿಷ್ಠ ಯಾಕ? ಇಬ್ಬರು ಯಾಕ?"

"ಬಾಜೂಮನಿಯಾಂವ ಅದಾನಲ್ಲ, ಕೊಲ್ಹಾರಕ ಹೋದಾಂವ. ಇನ್ನ ಎಷ್ಟ ಮಂದಿ ಅದಾರೋ ಗೊತ್ತಿಲ್ಲ."

"ಆಂವ ಮಾಲ್ಡೀವ್ಸ್‌ಗೆ ಹೊಂಟಾನೇನು? ಅಣ್ಣಾ, ಒಬ್ಬರು ಅಂತ ಬರದ್ರ ನಿನ್ನ ಗಂಟೇನ ಹೋಗ್ತೈತಿ? ಜನವರಿಯೊಳಗ ಹತ್ತು ನಿಮಿಷದಾಗ ಬರದಾಂವ, ಈಗ ನನ್ನ ಮ್ಯಾಲೆ ಖರೇತನ ತೋರಸ್ತಿ?"

ಅವಳು ಹೇಳಿದ್ದು ಸರಿಯೇ ಇತ್ತು. ಒಂದು ತಪ್ಪು ಸುದ್ದಿಯನ್ನು ಇನ್ನೊಂದು ಅರ್ಧ ಸುದ್ದಿಯಿಂದ ತಿದ್ದಲು ಮಾತ್ರ ಕೈ ಬರಲಿಲ್ಲ. ಇದ್ದ ಹಾಗೆಯೇ ಕಳಿಸಿದೆ.

ತಿದ್ದುಪಡಿ ಒಳಪುಟದ ಮೂಲೆಯಲ್ಲಿ, ಕೊಳವೆಬಾವಿ ಜಾಹೀರಾತಿನ ಮೇಲೆ ಬಂತು. ಅಂದು ಬೆಳಗ್ಗೆಯೇ ಗುಮಾಸ್ತರ ಫೋನ್.

"ಏನ್ರಿ ಇದು? ಒಬ್ಬರು ಅಂತ ಮಾತಾಗಿತ್ತು. ಒಬ್ಬರಾದ್ರ ಸಾಹೇಬ್ರು ಇವತ್ತ ಪತ್ರ ಹಾಕ್ತಿದ್ರು. ಈಗ ಇಡೀ ಊರಿನ ಪಟ್ಟಿ ನೋಡಬೇಕು. ಶಿಬಿರ ಹಾಕಬೇಕು. ನಿಮ್ಮ ತಂಗಿದು ಅದರ ಜೊತಿಗೇನ."

ಪಟ್ಟಿ ನೋಡಲು ಒಂದು ವಾರ. ಜಿಲ್ಲೆಯಿಂದ ನಮೂದುಗಳು ರದ್ದಾಗಲು ಇನ್ನೂ ಕೆಲವು ದಿನ. ನಾನು ದಿನಾಲೂ ಕಚೇರಿಗೆ ಹೋಗಿ ನಿಂತೆ. ಸರ್ವರ್ ಇಲ್ಲ ಎಂದರು, ಆಪರೇಟರ್ ಮದುವೆಗೆ ಹೋಗಿದ್ದಾರೆ ಎಂದರು, ಪಾಸ್‌ವರ್ಡ್ ಬದಲಾಗಿದೆ ಎಂದರು. ತಂಗಿ ಸಿಂದಗಿಯಿಂದ ಸಂಜೆಗೊಂದು ಸಲ ಫೋನ್ ಮಾಡಿ "ಆತೇನು?" ಎಂದಷ್ಟೇ ಕೇಳಿ ಇಡುತ್ತಿದ್ದಳು. ದ್ವೀಪದ ಶಾಲೆಗೆ ಎರಡು ಸಲ ಇಮೇಲ್ ಬರೆದು ಸಮಯ ಕೇಳಿದಳು. ಒಂದಕ್ಕೆ ಉತ್ತರ ಬಂತು: ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ, ಗಡುವು ಬದಲಾಗದು.

ಶಿಬಿರ ನಡೆದದ್ದು ಏಪ್ರಿಲ್‌ನ ಕೊನೆಯ ವಾರ, ಊರಿನ ಕನ್ನಡ ಶಾಲೆಯ ಪಡಸಾಲೆಯಲ್ಲಿ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಕರೆತಂದಿದ್ದಳು. ಕುರಿಯವನು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದು ತಂಗಿಯ ಪಕ್ಕದಲ್ಲೇ ಕೂತ.

"ನನಗ ಎರಡೂ ಆಗ್ಯಾವಂತಲ್ಲವ್ವಾ, ಮತ್ಯಾಕ ಕರದಾರ?" ಎಂದು ಅವಳನ್ನು ಕೇಳಿದ.

"ಕಾಕಾ, ಅವು ಕಾಗದಕ್ಕ ಹಾಕಿದ್ವು. ಇದು ನಿನಗ."

ಸೂಜಿ ಹಾಕಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಕೂರಬೇಕು. ತಂಗಿ ಕೂತಲ್ಲಿಂದಲೇ ಸಾಲನ್ನು ನೋಡುತ್ತಿದ್ದಳು. ನಾನು ಹತ್ತಿರ ಹೋದಾಗ ತಲೆ ಎತ್ತದೆ ಹೇಳಿದಳು:

"ಎಣಿಸೇನಿ. ನನ್ನ ಬಿಟ್ಟ ಏಳ ಮಂದಿ. ಸಮಾಧಾನ ಆತಿಲ್ಲ ನಿನಗ?"

ಮರುದಿನ ಮುದ್ದೇಬಿಹಾಳಕ್ಕೆ ಹೋದೆವು. ಹೊಸ ಪ್ರಮಾಣಪತ್ರದಲ್ಲಿ ದಿನಾಂಕಗಳು ಒಂದಕ್ಕೊಂದು ತಾಳೆಯಾಗುತ್ತಿದ್ದವು. ಆದರೆ ಡಾಕ್ಟರು ಮತ್ತೆ ಚಷ್ಮಾ ಏರಿಸಿದರು. ಹಳೆಯ ಪ್ರಮಾಣಪತ್ರವನ್ನು ತಂಗಿ ಈಗಾಗಲೇ ಶಾಲೆಗೆ ಕಳಿಸಿದ್ದಳಲ್ಲ. ಎರಡೂ ಯಾಕೆ ಬೇರೆ ಎಂದು ಶಾಲೆಯವರು ಕೇಳಿದರೆ? ಪತ್ರಿಕೆಯ ತಿದ್ದುಪಡಿಯನ್ನು ಇಂಗ್ಲಿಷಿಗೆ ಅನುವಾದಿಸಿ, ನೋಟರಿ ಮಾಡಿಸಿ ಲಗತ್ತಿಸಿ ಎಂದರು. ಇಂಡಿಯಲ್ಲಿ ನೋಟರಿ ಮಾಡುವ ವಕೀಲರು ಕೇಳಿದರು: "ಅನುವಾದ ಯಾರು ಮಾಡ್ಯಾರ?" ನಾನು ಎಂದೆ. "ಸುದ್ದಿ ಯಾರು ಬರದಾರ?" ಅದೂ ನಾನೇ. "ನಿಮ್ಮದಕ್ಕ ನೀವ ಸಾಕ್ಷಿ ಆಗಾಕ ಬರೂದಿಲ್ರಿ, ಬ್ಯಾರೆ ಯಾರನ್ನರ ಕರ್ಕೊಂಡ ಬರ್ರಿ." ಬೇರೆಯವರನ್ನು ಹುಡುಕಿ, ಬರೆಸಿ, ಮೊಹರು ಹಾಕಿಸಿ, ಮುದ್ದೇಬಿಹಾಳಕ್ಕೆ ವಾಪಸು ಹೋಗಿ ಸಹಿ ಪಡೆದು ಫಾರಂ ಸ್ಕ್ಯಾನ್ ಮಾಡಿ ಕಳಿಸುವಷ್ಟರಲ್ಲಿ ಮೇ ತಿಂಗಳ ಎರಡನೇ ದಿನವಾಗಿತ್ತು.

ಶಾಲೆಯ ಉತ್ತರ ಮೂರು ಸಾಲು. ಹುದ್ದೆ ತುಂಬಿದೆ. ದಾಖಲೆಗಳು ಸರಿಯಾಗಿವೆ. ಮುಂದೆ ಜಾಗ ಖಾಲಿಯಾದರೆ ತಿಳಿಸುತ್ತೇವೆ.

ತಂಗಿ ಅದನ್ನು ನನಗೆ ತೋರಿಸಿ, ಫೋನ್ ಚೀಲದಲ್ಲಿಟ್ಟು, ಸಿಂದಗಿಯ ಬಸ್ಸು ಎಷ್ಟಕ್ಕಿದೆ ಎಂದು ಕೇಳಿದಳು. ನಾನು ನಿಲ್ದಾಣದವರೆಗೆ ಹೋದೆ. ಕ್ಷಮೆ ಕೇಳಬೇಕೆಂದಿದ್ದೆ. ಯಾವುದಕ್ಕೆ ಕೇಳಬೇಕು ಎಂಬುದು ನಿರ್ಧಾರವಾಗಲಿಲ್ಲ. ಜನವರಿಯ ಸುದ್ದಿಗಾದರೆ ಸರಿ. ಏಪ್ರಿಲ್‌ನ ತಿದ್ದುಪಡಿಗೆ ಕೇಳಿದರೆ ಸುಳ್ಳಾಗುತ್ತಿತ್ತು. ಬಸ್ಸು ಬಂತು, ಹತ್ತಿದಳು.

ಮಳೆಗಾಲದಲ್ಲಿ ಬೇರೆ ಸುದ್ದಿಗಾಗಿ ಆರೋಗ್ಯ ಕಚೇರಿಗೆ ಹೋದಾಗ, ಗುಮಾಸ್ತರ ಹಿಂದಿನ ಫಲಕದಲ್ಲಿ ಗಾಜಿನೊಳಗೆ ನನ್ನ ಹಳೆಯ ಸುದ್ದಿ ಇತ್ತು, ಶೇಕಡ ನೂರು, ಫೋಟೋ ಸಮೇತ. ತಿದ್ದುಪಡಿಯನ್ನೂ ಹಚ್ಚಿರಿ ಎಂದೆ. "ಎರಡ ಸಾಲಿಂದ ಏನ್ ಹಚ್ಚೂದ್ರಿ, ಅದಕ್ಕ ಫೋಟೋನ ಇಲ್ಲ" ಎಂದು ನಕ್ಕರು.

ಮುಂದಿನ ಜನವರಿಯಲ್ಲಿ ಆ ದ್ವೀಪದ ಶಾಲೆಯಿಂದ ಕರೆ ಬಂತು. ಜಾಗ ಖಾಲಿಯಾಗಿದೆ, ಗಣಿತಕ್ಕಲ್ಲ, ಸಣ್ಣ ಮಕ್ಕಳ ತರಗತಿಗೆ. ತಂಗಿ ಒಪ್ಪಿದಳು. ಅಷ್ಟರಲ್ಲಿ ಫಾರಂ ಒಂದೇ ಪುಟಕ್ಕೆ ಇಳಿದಿತ್ತು. ಲಸಿಕೆಯ ಕಾಲಂ ಇರಲಿಲ್ಲ. ಆದರೂ ಹೊರಡುವ ದಿನ ಅವಳು ಎಲ್ಲ ಕಾಗದಗಳನ್ನೂ ಪ್ಲಾಸ್ಟಿಕ್ ಫೈಲಿಗೆ ಹಾಕಿದಳು: ಬಾಗೇವಾಡಿಯ ವರದಿ, ಎರಡು ಪ್ರಮಾಣಪತ್ರ, ಡಾಕ್ಟರ ಫಾರಂ, ನೋಟರಿಯ ಅನುವಾದ. ಕೊನೆಗೆ ಪತ್ರಿಕೆಯ ತಿದ್ದುಪಡಿಯ ತುಣುಕು ಉಳಿಯಿತು. ಅದನ್ನು ಕೈಯಲ್ಲಿ ಹಿಡಿದು ಒಂದು ಸಲ ಓದಿದಳು, ಫೈಲಿಗೆ ಹಾಕಲಿಲ್ಲ. ನನ್ನ ಮೇಜಿನ ಮೇಲಿಟ್ಟಳು.

"ಇದು ನಿಂದು" ಎಂದಳು. "ನೀ ಇಟ್ಕೊ."