ಅಳಿವೆ ಮೀನಿಗೆ ಕಪಿಲೆ ನೀರು

ಭಾನುವಾರ, ಬೆಳಗ್ಗೆ ಏಳು ಗಂಟೆ. ಹಾಜರಿದ್ದವರು: ನಾನು, ನನ್ನ ಯಜಮಾನರು, ಗಾಜಿನ ತೊಟ್ಟಿಯ ಕಿತ್ತಳೆ ಬಣ್ಣದ ಮೀನುಗಳು. ಯಜಮಾನರ ಮುಖಕ್ಕೆ ಪೇಪರ್ ಅಡ್ಡವಿದ್ದುದರಿಂದ ಅವರನ್ನು ಪೂರ್ತಿ ಹಾಜರು ಎನ್ನಲಾರೆ. ಮೀನಿನ ನೀರು ಬದಲಿಸುವ ದಿನ. ಕಲ್ಲುಪ್ಪಿನ ಡಬ್ಬಿ ತೆರೆದೆ. ಮಳೆಗಾಲಕ್ಕೆ ಒದ್ದೆಯಾದ ಉಪ್ಪು, ಗೋಣಿಚೀಲದ ವಾಸನೆ... ಹಿಂದೆ ಪಕ್ಕದ ಮನೆಯಲ್ಲಿದ್ದ ಉಪ್ಪಿನ ಅಂಗಡಿಯವರು ಪಂಚೆ ಎತ್ತಿಕಟ್ಟಿಕೊಂಡು ಎದುರು ನಿಂತಂತಾಯಿತು.

ಆಗ ನಾನು ನಂಜನಗೂಡಿನಲ್ಲಿ ನರ್ಸ್ ಕೆಲಸದಲ್ಲಿದ್ದೆ. ಬೀದಿಗೆಲ್ಲ 'ಸಿಸ್ಟ್ರಮ್ಮ'. ಅವರು ತಿರುಮಕೂಡಲು ನರಸೀಪುರದಿಂದ ಬಂದು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟವರು. ಉಪ್ಪು ತರಲು ಕರಾವಳಿಗೆ ಹೋದಾಗ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ಈ ಪುಟ್ಟ ಮೀನುಗಳನ್ನು ಕಂಡು ಮನಸೋತು, ಕ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ಅತ್ತ ಪೂರ್ತಿ ಉಪ್ಪೂ ಅಲ್ಲ, ಇತ್ತ ಸಿಹಿಯೂ ಅಲ್ಲ, ಅಂಥ ನೀರು ಅವಕ್ಕೆ ಬೇಕು.

"ಕಾವೇರಿ ಕಪಿಲೆ ಸೇರೋ ಊರು ನಂದು, ಒಳೆ ಸಮುದ್ರ ಸೇರೋ ಊರು ಇವುಂದು. ನಾವು ನಾವು ಸಂಗಮದೋರು ಕಣ್ ಸಿಸ್ಟ್ರಮ್ಮ" ಎನ್ನುತ್ತಿದ್ದರು.

ತೊಂದರೆ ಇದ್ದದ್ದು ಅವರ ತಾಯಿಯದು. ನಿತ್ಯ ಲಿಂಗಪೂಜೆ ಮಾಡುವ ಮನೆ. ಮೀನಿನ ಹೆಸರು ಎತ್ತಿದರೂ ಅವ್ವ ಸೆರಗು ಮೂಗಿಗೆ ಒಯ್ಯುತ್ತಿದ್ದರು.

"ತಿನ್ನಕ್ಕಲ್ಲ ಕಣವ್ವ, ನೋಡಕ್ಕೆ."

"ಉಪ್ಪು ಆಗ್ಲೇ ಆಕಿವ್ನಿ ಅಂತೀಯ, ಇನ್ ಖಾರ ಅರ್ಯೋದೊಂದ್ ಬಾಕಿ ಅದೆ. ಒಸ್ಲು ದಾಟುಸ್ಬ್ಯಾಡ ಕಣ್ಲಾ!"

ಹಾಗಾಗಿ ತೊಟ್ಟಿ ಜಗುಲಿಯಲ್ಲೇ ಉಳಿಯಿತು. ಅವರು ನೀರಿಗೆ ಉಪ್ಪು ಕದಡಿ, ಬೆರಳಿನಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಸರಿ ಐತೆ" ಎಂದ ಮೇಲೆಯೇ ತೊಟ್ಟಿಗೆ ಸುರಿಯುತ್ತಿದ್ದರು. ಮೀನಿಗೊಂದು ಕೇಡಾದರೆ ಆ ಮನೆಗೆ ಇನ್ನೊಂದು ಮೀನು ಬರುವಂತಿರಲಿಲ್ಲ. ಅವ್ವ ಹಾಗೆಂದು ಮೊದಲೇ ಹೇಳಿಟ್ಟಿದ್ದರು.

ಒಂದು ಸೋಮವಾರ ಅವರು ನೆಂಟರ ಮದುವೆಗೆಂದು ನರಸೀಪುರಕ್ಕೆ ಹೋದರು. ಕಾಳು ಹಾಕುವ ಜವಾಬ್ದಾರಿ ನನ್ನದು. ಸಂಜೆ ಡ್ಯೂಟಿ ಮುಗಿಸಿ ಬಂದರೆ ಮೀನುಗಳು ರೆಕ್ಕೆ ಮುದುರಿಕೊಂಡು ತಳದಲ್ಲಿ ಒರಗಿವೆ. ಜಗುಲಿಯ ಮೇಲೆ ಖಾಲಿ ಹಿತ್ತಾಳೆ ಬಿಂದಿಗೆ. ಪಕ್ಕದಲ್ಲಿ ಅವ್ವ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದಾರೆ.

"ಉಪ್ಪುನೀರಲ್ಲಿ ಎಂಗ್ ಬದುಕ್ತವೆ ಪಾಪ ಅಂತ ಅದ್ನ ಚೆಲ್ಲಿ, ಮಿಂದ್ಬುಟ್ಟು ಬರೋವಾಗ ಕಪಿಲೆ ನೀರು ತಂದ್ ಉಯ್ದೆ ಕಣವ್ವ. ಕಪಿಲೆ ನೀರು ಕುಡ್ದು ಸತ್ತೋರ್ನ ನಾನ್ ಎಲ್ಲೂ ಕಾಣ್ನಿಲ್ವಲ್ಲ!"

ಫೋನ್ ಮಾಡಿದೆ. ಆ ಕಡೆ ಓಲಗದ ಸದ್ದು. ಅವರು ಬೈಯಲಿಲ್ಲ, ಮೊದಲು ನಕ್ಕರು. ಆಮೇಲೆ ದನಿ ತಗ್ಗಿಸಿ, "ಉಪ್ಪುನೀರು ಒಂದೇ ಸಲಕ್ಕೆ ಉಯ್ಬ್ಯಾಡಿ ಸಿಸ್ಟ್ರಮ್ಮ. ತೊಟ್ಟು ತೊಟ್ಟು ಬುಡಿ. ಅವ್ವುಂಗೆ ಮಾತ್ರ ಏನೂ ಅನ್ಬ್ಯಾಡಿ" ಎಂದರು.

ತೊಟ್ಟು ತೊಟ್ಟು ಬಿಡುವುದು ನನಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಮನೆಯಲ್ಲಿದ್ದ ಹೊಸ ಡ್ರಿಪ್ ಕೊಳವೆ ತಂದೆ. ಬಾಟಲಿಗೆ ಉಪ್ಪುನೀರು ತುಂಬಿ, ಬಟ್ಟೆ ಒಣಗಿಸುವ ಗಳುವಿಗೆ ನೇತುಹಾಕಿ, ಹನಿ ನಿಧಾನ ಮಾಡಿದೆ. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿದ.

"ಏನ್ ಸಿಸ್ಟ್ರಮ್ಮ, ಮೀನ್ನೂ ಅಡ್ಮಿಟ್ ಮಾಡ್ಕಂಡ್ರಾ?"

"ಓಗ್ಲಾ ಅತ್ಲಾಗೆ!" ಎಂದು ಅವ್ವ ಗದರಿದರು. ಮತ್ತೆ ನನ್ನ ಕಡೆ ತಿರುಗಿ, "ಗ್ಲೂಕೋಸಾ ಅದು?"

"ಉಪ್ಪುನೀರೇ ಅವ್ವ."

"ಉಪ್ಪ ತೆಗ್ದಿದ್ಕೆ ಕಾಯ್ಲೆ, ಉಪ್ಪೇ ಔಸ್ದಿ. ಸರಿ ಓಯ್ತು!"

ಬೆಳಗ್ಗೆ ನೋಡಿದರೆ ಮೀನುಗಳು ಗಾಜಿಗೆ ಮೂತಿಯಿಟ್ಟು ಕಾಳು ಕೇಳುತ್ತಿದ್ದವು. ಮೊದಲ ಬಸ್ಸಿಗೆ ಬಂದಿಳಿದ ಮಗ ಜಗುಲಿ ಹತ್ತುವ ಮೊದಲೇ ಅವ್ವ ಹೇಳಿದರು: "ಬಿಸ್ಲು, ದೂಳು, ಕಂಡೋರ್ ಕಣ್ಣು... ಇಲ್ಲಿ ಮಡಗಿದ್ರೆ ಇನ್ನೇನಾದದು? ಒಳೀಕ್ ಎತ್ಕಳ್ಲಾ. ದೇವ್ರ ಮನೆ ಕಡೀಕ್ ಮಾತ್ರ ಬ್ಯಾಡ."

ಅವರು ಮದುವೆಯ ತಾಂಬೂಲದ ಚೀಲ ನನ್ನ ಕೈಗೆ ತುರುಕಿ, ತೊಟ್ಟಿಯನ್ನು ಎದೆಗವಚಿ ಹೊಸಿಲು ದಾಟಿದ ರೀತಿ... ಮನೆ ತುಂಬಿಸಿಕೊಳ್ಳುವಾಗಿನ ಮದುಮಗನೂ ಅಷ್ಟು ಬೀಗಿರಲಾರ. ಆಮೇಲೆ ಎಷ್ಟೋ ಸಂಜೆ ಅವ್ವ ವಿಭೂತಿ ಧರಿಸಿ ಆ ತೊಟ್ಟಿಯ ಮುಂದೆಯೇ ಕುಳಿತಿರುತ್ತಿದ್ದರು. ಮೊಟ್ಟೆಗಳಿಗೆ ಗಂಡು ಹೆಣ್ಣು ಎರಡೂ ಸರದಿಯಲ್ಲಿ ರೆಕ್ಕೆಯಿಂದ ಗಾಳಿ ಹಾಕುವುದನ್ನು ಬೀದಿಯ ಹೆಂಗಸರಿಗೆ ಕರೆದು ತೋರಿಸಿದವರೂ ಅವರೇ. "ನೋಡಿ, ಗಂಡುನ್ನ ನೋಡಿ ಕಲ್ತ್ಕಳಿ ಅನ್ನಿ ನಿಮ್ಮೋರ್ಗೆ!"

ಮೊದಲು ಅವ್ವ ಹೋದರು. ಉಪ್ಪೆಲ್ಲ ಪ್ಯಾಕೆಟ್ಟಿಗೆ ಬಂದ ಮೇಲೆ ಅಂಗಡಿಯೂ ಮುಚ್ಚಿತು. ಕೈಕಾಲಿನಲ್ಲಿ ಶಕ್ತಿ ಇಲ್ಲವಾದಾಗ ಅವರು, "ನಿಮ್ಮ ವಾರ್ಡಿಗೇ ಟ್ರಾನ್ಸ್‌ಫರ್" ಎಂದು ನಗುತ್ತ ತೊಟ್ಟಿಯನ್ನು ನಮ್ಮ ಮನೆಗೆ ಕಳಿಸಿದರು. ಕಡೆಯ ಸಲ ನೋಡಲು ಹೋದಾಗ ನನ್ನ ಯೋಗಕ್ಷೇಮ ಕೇಳಲಿಲ್ಲ. "ಉಪ್ಪು ಸರಿ ಐತಾ?" ಎಂದಷ್ಟೇ ಕೇಳಿದರು. ಐತೆ ಎಂದೆ... ಕಣ್ಣು ಮುಚ್ಚಿಕೊಂಡರು, ನೀರಿನ ರುಚಿ ನೋಡುವಾಗಿನ ಹಾಗೆಯೇ.

ಈಗಿರುವುದು ಆ ಮೀನುಗಳ ಮಕ್ಕಳ ಮಕ್ಕಳು. ಉಪ್ಪು ಅಳೆಯುವ ಸಾಧನ ಪೇಟೆಯಲ್ಲಿ ಸಿಗುತ್ತದೆ, ನನ್ನ ಬಳಿಯೂ ಇದೆ. ಆದರೂ ಇವತ್ತು ಕದಡಿದ ನೀರಿನ ಒಂದು ಹನಿ ನಾಲಿಗೆಗೆ ಮುಟ್ಟಿಸಿದೆ. ಯಜಮಾನರು ಪೇಪರ್ ಇಳಿಸಿ ನೋಡಿದರು. ಚೂರು ಸಪ್ಪೆ ಎನಿಸಿತು. ಇನ್ನೊಂದು ಚಿಟಿಕೆ ಹಾಕಿ, ಮತ್ತೆ ನೋಡಿದೆ. ಹೌದೆನ್ನಲು ಅಂಗಡಿಯವರಿಲ್ಲ. ಸರಿ ಐತೆ ಎಂದು ನಾನೇ ಹೇಳಿಕೊಂಡು, ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟೆ. ನೆಲ ಒರೆಸಿದೆ. ಡ್ರಿಪ್ ಕೊಳವೆ ತೊಳೆದು ಗಳುವಿಗೆ ನೇತುಹಾಕಿದೆ.