ಕ್ಲಚ್ಚಿಲ್ಲದ ಕಾರಿನಲ್ಲಿ ಕುಮಟೆಗೆ

ಎಂಬತ್ತರ ದಶಕದ ಕೊನೆಯಲ್ಲಿ, ಇಬ್ಬನಿ ಬಿದ್ದ ಒಂದು ಬೆಳಿಗ್ಗೆ, ಬೆಳಕೆಯಿಂದ ಕುಮಟೆಗೆ ಹೊರಟೆವು. ಸುಮಾರು ಅರವತ್ತು ಕಿಲೋಮೀಟರ್ ದಾರಿ. ನನ್ನ ಯಜಮಾನರು ಇಪ್ಪತ್ತೆಂಟು ವರ್ಷ ಮೀನಿನ ಲಾರಿ ಓಡಿಸಿದವರು. ಎಡಗಾಲಿಗೆ ಲಕ್ವ ಹೊಡೆದ ಮೇಲೆ ಕ್ಲಚ್ ಒತ್ತಲಾಗದೆ ಎರಡು ವರ್ಷ ಜಗಲಿಯಲ್ಲೇ ಕೂತರು. ರಸ್ತೆಯಲ್ಲಿ ಲಾರಿ ಹೋದರೆ, "ಈಗ ಮೂರನೇ ಗೇರು" ಎಂದು ಗೋಡೆಗೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಭಟ್ಕಳದ ಇಸ್ಮಾಯಿಲ್ ಸಾಹೇಬರು ದುಬೈಯಲ್ಲಿದ್ದು ಬಂದವರು. ಗೇರು ತಾನಾಗಿ ಬದಲಾಗುವ ಎರಡು ಕಾರು ಅವರಲ್ಲಿದ್ದವು. ಹೊಸದು ಮನೆಯಲ್ಲಿ, ಹಳೆಯದು ಕುಮಟೆಯ ಗ್ಯಾರೇಜಿನಲ್ಲಿ. ಹಳೆಯದನ್ನು ಯಜಮಾನರು ಬೆಳಕೆಯ ತನಕ ಓಡಿಸಿ ತಂದರೆ, ತಮ್ಮ ತಾಯಿಯ ಡ್ರೈವರ್ ಕೆಲಸ ಅವರಿಗೇ ಎಂದು ಸಾಹೇಬರು ಹೇಳಿದ್ದರು.

ಹೊಸ ಕಾರನ್ನು ಸಾಹೇಬರೇ ಓಡಿಸಿದರು. ಅದರ ಸ್ಟೇರಿಂಗ್ ಎಡಗಡೆ. ನಾನು ಮುಂದೆ ಬಲಕ್ಕೆ ಕೂತೆ, ತೊಡೆಯ ಮೇಲೆ ಬಂಗಡೆ ಸಾರಿನ ಪಾತ್ರೆ. ಯಜಮಾನರು ಹಿಂದೆ ಕಾಲು ಚಾಚಿ, ಕಿವಿ ಕೊಟ್ಟು ಕೂತರು.

"ಈಗ ಯಾವ ಗೇರು?" ಎಂದೆ.

"ಗೊತ್ತೇ ಆಗೂದಿಲ್ಲ ಮಾರಾಯ್ತಿ."

ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಚಾಕ್ಕೆ ನಿಂತೆವು. ಅಂಗಡಿಯವನು ಡ್ರೈವರ್ ಕೂರುವ ಬದಿಯಿಂದ ಇಳಿದ ನನ್ನನ್ನೇ ನೋಡಿ, "ಅಜ್ಜಿ, ಲೈಸೆನ್ಸ್ ಯಾವಾಗ ಮಾಡ್ಸಿದ್ರಿ?" ಎಂದ.

"ಕಾರಿಗೆ ಬೇಡ. ನಿನ್ನ ಚಾ ಕುಡೀಲಿಕ್ಕೆ ಬೇಕು ಲೈಸೆನ್ಸು."

ಕುಮಟೆ ತಲುಪುವ ತನಕ ಒಂದು ತೊಟ್ಟು ಸಾರೂ ಚೆಲ್ಲಲಿಲ್ಲ.

ಗ್ಯಾರೇಜಿನ ನೆರಳಲ್ಲಿ ಊಟ ಮಾಡಿದೆವು. ಸಾಹೇಬರು ಮೆಕ್ಯಾನಿಕ್ ಜೊತೆ ಮಾತಾಡುತ್ತಿದ್ದಾಗ ಯಜಮಾನರಿಗೆ ತಡೆಯಲಾಗಲಿಲ್ಲ. ಹಳೆಯ ಕಾರು ಹತ್ತಿ ಚಾಲು ಮಾಡಿದರು. ನಾನೂ ಪಕ್ಕದಲ್ಲಿ ಕೂತೆ. ಸ್ಟೇರಿಂಗಿನ ಹತ್ತಿರವೇ ಗೇರಿನ ಕಡ್ಡಿ, ಅದರ ಮೇಲೆ ಇಂಗ್ಲಿಷ್ ಅಕ್ಷರ. ನಂಬರ್ ಪ್ಲೇಟು, ರಸ್ತೆಯ ಬೋರ್ಡು ನೋಡಿ ಕಲಿತಷ್ಟೇ ಇವರ ಇಂಗ್ಲಿಷ್.

"ಪಿ ಅಂದ್ರೆ ಪಾರ್ಕಿಂಗ್. ಡಿ ಅಂದ್ರೆ ಡೇಂಜರ್, ಅದನ್ನ ಮುಟ್ಟೂದು ಬೇಡ. ಆರ್ ಅಂದ್ರೆ ರೋಡು."

ಆರ್‌ಗೆ ಹಾಕಿದರು. ಕಾರು ಹಿಂದಕ್ಕೆ ಹಾರಿ ಹಳೇ ಟಯರುಗಳ ರಾಶಿಗೆ ಗುದ್ದಿತು.

"ಆರ್ ಅಂದ್ರೆ ರಿವರ್ಸ್, ಕಾಕಾ! ಡಿ ಹಾಕಿದ್ರೇ ಮುಂದೆ ಹೋಗೂದು!" ಎಂದು ಸಾಹೇಬರು ಓಡಿ ಬಂದರು.

"ನನ್ನಿಂದ ಆಗೂದಲ್ಲ" ಎಂದು ಯಜಮಾನರು ಬಾಗಿಲು ತೆಗೆದರು.

"ಇಳಿದ್ರೆ ನೀವು ಬಸ್ಸಿಗೆ ಬನ್ನಿ. ನಾನಂತೂ ಏಳೂದಿಲ್ಲ," ಎಂದೆ.

ಸಾಹೇಬರು ನಕ್ಕರು. "ಗುದ್ದಿದ್ದು ಟಯರಿಗೆ ತಾನೆ? ಹೊರಡಿ ಕಾಕಾ."

ಬಾಗಿಲು ಮುಚ್ಚಿತು. ಸಾಹೇಬರ ಕಾರು ಮುಂದೆ, ನಾವು ಹಿಂದೆ. ಹಳೆಯದರಲ್ಲಿ ಎರಡೇ ಗೇರಂತೆ. ಏರು ಬಂದರೆ ಗೊರಗೊರ ಎಂದು ಯೋಚನೆ ಮಾಡುತ್ತಿತ್ತು, ಆಮೇಲೆ ಯಾರೋ ಒದ್ದಂತೆ ಮುಂದೆ ಹಾರುತ್ತಿತ್ತು. ಉಳಿದ ಸಾರೆಲ್ಲ ನನ್ನ ಸೀರೆಗಾಯಿತು. ಪೇಟೆಗೆ, ಆಸ್ಪತ್ರೆಗೆ, ದಿನದ ಓಡಾಟಕ್ಕೆ ಹೊಸದೇ ಸೈ; ಅದನ್ನು ಹೇಳಲು ಶಾಲೆ ಕಲಿಯಬೇಕಿಲ್ಲ. ಇವರಿಗೆ ಮಾತ್ರ ಆ ಗೊರಗೊರವೇ ಬೇಕಿತ್ತು. ಪ್ರತಿ ಸಲ ಅದು ಕೇಳಿದಾಗಲೂ ಎಡತೊಡೆ ಬಿಗಿಯುತ್ತಿತ್ತು, ಕ್ಲಚ್ ಇರುವ ಜಾಗದಲ್ಲಿ ಹೆಬ್ಬೆರಳು ಮ್ಯಾಟನ್ನು ಒತ್ತಲು ನೋಡುತ್ತಿತ್ತು.

"ಅಲ್ಲಿ ಎಂತದೂ ಇಲ್ಲ. ಯಾಕೆ ಒತ್ತೂದು?"

"ಇಲ್ಲ ಅಂತ ನಂಗೆ ಗೊತ್ತುಂಟು. ಕಾಲಿಗೆ ಗೊತ್ತಿಲ್ಲ."



ಹೊತ್ತು ಮುಳುಗುವ ಮೊದಲೇ ಬೆಳಕೆ ಮುಟ್ಟಿದೆವು. "ಇದು ಇಲ್ಲೇ ಇರಲಿ, ಕಾಕಾ. ನಾಳೆ ಏಳಕ್ಕೆ ಇದ್ರಲ್ಲೇ ಕೆಲಸಕ್ಕೆ ಬನ್ನಿ. ಅಲ್ಲಿಂದ ಅಮ್ಮನನ್ನು ಹೊಸದ್ರಲ್ಲಿ ಕರ್ಕೊಂಡು ಹೋದ್ರಾಯ್ತು," ಎಂದರು ಸಾಹೇಬರು.

"ಆತು," ಎಂದರು ಯಜಮಾನರು.

ಹೊಸ ಕಾರು ಭಟ್ಕಳದ ಕಡೆ ಹೊರಟಿತು. ಅದು ತಿರುವು ದಾಟುವ ತನಕ ಇವರು ಜಗಲಿಯ ಕಂಬ ಹಿಡಿದು ಕಿವಿ ಕೊಟ್ಟು ನಿಂತರು.

"ಒಂದು ಗೇರೂ ಕೇಳ್ಸೂದಿಲ್ಲ ಮಾರಾಯ್ತಿ," ಎಂದರು. ಗೋಡೆಗಲ್ಲ, ನನಗೆ.